ಅರ್ಧ ತಾಸಿನ ಪ್ರಾಕ್ಸಿ ರಿಪೇರಿ

ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಜಾಯಮಾನ ನನ್ನದಲ್ಲ. ಇದು ಒಂದು ಸದ್ಗುಣವೆಂದು ನಾನು ತಿಳಿದಿದ್ದೇನೆ. ನನ್ನ ಹೆಂಡತಿ ಗಿರಿಜಾ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದಾಳೆ. ನಲ್ಲಿಯ ವಾಶರ್ ಬದಲಿಸಲು ಕೂತು ಇಡೀ ಓಣಿಯ ನೀರು ನಿಲ್ಲಿಸಿದ್ದು, ಮಿಕ್ಸರ್ ಬಿಚ್ಚಿ ಜೋಡಿಸಿದ ಮೇಲೆ ಮೂರು ಸ್ಕ್ರೂ ಉಳಿದದ್ದು, ಇವೆಲ್ಲ ನಮ್ಮ ಮನೆಯ ಹಳೆಯ ಇತಿಹಾಸ. ಅವುಗಳಲ್ಲಿ ನನ್ನ ಮರ್ಯಾದೆ ಹೋದದ್ದು ಓಣಿಯ ತುದಿಯವರೆಗೆ ಮಾತ್ರ. ಈಗ ಹೇಳಹೊರಟಿರುವ ಪ್ರಸಂಗದಲ್ಲಿ ಅದು ಸಮುದ್ರ ದಾಟಿತು.

ಆಗ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಸುಗ್ಗಿ. ನಾಚಾರಂನ ಒಂದು ಕಾರ್ಖಾನೆಯಲ್ಲಿ ಮೋಟಾರ್ ವೈಂಡಿಂಗ್ ನೋಡಿಕೊಂಡಿದ್ದ ನಾನು ಅಮೀರ್‌ಪೇಟೆಯಲ್ಲಿ ಆರು ತಿಂಗಳ ಕೋರ್ಸು ಮುಗಿಸಿ, ಉಪ್ಪಲ್‌ನಲ್ಲಿ ಒಂದು ಟೈರ್ ಅಂಗಡಿಯ ಮೇಲಿದ್ದ ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿಬಿಟ್ಟಿದ್ದೆ. ಕೆಳಗೆ ಅವರು ಪಂಕ್ಚರ್ ಹಾಕುತ್ತಿದ್ದರು, ಮೇಲೆ ನಾವೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದೆವು.

ನಮ್ಮ ಕಂಪನಿ ಒಂದು ಮಹಾ ಪ್ರೋಗ್ರಾಮು ತಯಾರಿಸುತ್ತಿತ್ತು. ಅದರ ಹೆಸರು ‘ಸರ್ವಂ’. ಒಂದೇ ಪರದೆಯ ಮೇಲೆ ಮೇಲ್, ರೈಲು ಟಿಕೆಟ್, ನೌಕರಿ ಹುಡುಕಾಟ, ವಧೂವರರ ಹುಡುಕಾಟ, ಎಲ್ಲವೂ. ನಮ್ಮ ಮ್ಯಾನೇಜರ್ ಪ್ರಸಾದ ರಾವ್ ಗಾರು ಒಂದು ಕಟ್ಟಪ್ಪಣೆ ಹೊರಡಿಸಿದ್ದರು: ಆಫೀಸಿನ ಐವತ್ತೂ ಜನ ಅಂತರ್ಜಾಲಕ್ಕೆ ಹೋಗುವುದಾದರೆ ‘ಸರ್ವಂ’ ಮೂಲಕವೇ ಹೋಗಬೇಕು, ತಾವು ಮಾಡಿದ ಅಡುಗೆಯನ್ನು ತಾವೇ ಉಣ್ಣಬೇಕು. ಮುಂದಿನ ವಾರ ಗಿರಾಕಿಗಳು ಬಂದು ಅದನ್ನು ನೋಡುವವರಿದ್ದರು.

ತೊಂದರೆ ಒಂದೇ. ಬೀಗದ ಗುರುತು ಇರುವ ಸುರಕ್ಷಿತ ಸೈಟುಗಳು ‘ಸರ್ವಂ’ನಲ್ಲಿ ತೆರೆಯುತ್ತಿರಲಿಲ್ಲ. ನಮ್ಮ ಆಫೀಸಿನ ಯಾವ ಕಂಪ್ಯೂಟರೂ ನೇರವಾಗಿ ಹೊರಗೆ ಹೋಗುವಂತಿರಲಿಲ್ಲ. ಮೂಲೆಯ ಎಸಿ ಕೋಣೆಯಲ್ಲಿ ಪ್ರಾಕ್ಸಿ ಎಂಬ ಒಂದು ಮಧ್ಯವರ್ತಿ ಯಂತ್ರವಿತ್ತು, ಎಲ್ಲರೂ ಅದರ ಕೈಲಿ ಹೇಳಿಸಿ ತರಿಸಿಕೊಳ್ಳಬೇಕು. ಜಾಲದಿಂದ ಪುಟ ತರುವ ಕೆಲಸಕ್ಕೆ ನಾವು ಹೊರದೇಶದ ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆ ಪುಕ್ಕಟೆ ಹಂಚಿದ್ದ ಒಂದು ಲೈಬ್ರರಿಯನ್ನು ನಮ್ಮ ಪ್ರೋಗ್ರಾಮಿನೊಳಗೆ ಸೇರಿಸಿಕೊಂಡಿದ್ದೆವು. ಲೈಬ್ರರಿ ಎಂದರೆ ಪುಸ್ತಕದ್ದಲ್ಲ, ಬೇರೆಯವರು ಮಾಡಿಟ್ಟ ಸಿದ್ಧ ಹಿಟ್ಟು. ಆ ಲೈಬ್ರರಿಗೆ ಸಾಮಾನ್ಯ ಸೈಟುಗಳನ್ನು ಪ್ರಾಕ್ಸಿಯ ಕೈಲಿ ತರಿಸಲು ಬರುತ್ತಿತ್ತು, ಸುರಕ್ಷಿತ ಸೈಟುಗಳನ್ನು ತರಿಸಲು ಬರುತ್ತಿರಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ರಾವ್ ಗಾರು, “ಇದನ್ನು ಯಾರು ನೋಡ್ತೀರಿ?” ಎಂದು ಕೇಳಿದರು. ನಮ್ಮ ಆಫೀಸಿನ ಭಾಷೆ ತೆಲುಗು, ಹಿಂದಿ, ಇಂಗ್ಲಿಷುಗಳ ಖಿಚಡಿ. ಓದುವವರ ಅನುಕೂಲಕ್ಕಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅವರು ಕೇಳಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ಪರಿಶೀಲಿಸತೊಡಗಿದರು.

“ನಾನು ನೋಡ್ತೀನಿ ಸಾರ್. ಅರ್ಧ ತಾಸಿನ ಕೆಲಸ,” ಎಂದೆ.

“ಭೇಷ್. ಬುಧವಾರದೊಳಗೆ ಮಾಡಿಬಿಡಿ. ಗುರುವಾರದಿಂದ ನಿಮ್ಮ ರಜೆ ನಿಮಗೆ.”

ರಜೆಯ ವಿಷಯ ಹೇಳಬೇಕು. ಗಿರಿಜಾಳ ತಂಗಿ ಶೈಲಾಳ ಕುಬಸ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ರಾಯಚೂರಿನಲ್ಲಿತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ತವರಿನ ಕಡೆಯ ಹಿರಿ ಹೆಂಗಸು ಅವಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ ಹಾಕಿ ಉಡಿ ತುಂಬಬೇಕು. ತಾಯಿ ಇದ್ದಿದ್ದರೆ ತಾಯಿ ತುಂಬುತ್ತಿದ್ದಳು. ನನ್ನ ಅತ್ತೆ ಹಿಂದಿನ ವರ್ಷ ತೀರಿಕೊಂಡಿದ್ದರು. ಹಾಗಾಗಿ ಅವರ ಜಾಗದಲ್ಲಿ ಗಿರಿಜಾ ನಿಲ್ಲಬೇಕಿತ್ತು. ಅತ್ತೆ ಹೋದ ಮೇಲೆ ಆ ಮನೆತನದಲ್ಲಿ ನಡೆಯುವ ಮೊದಲ ಶುಭಕಾರ್ಯ ಅದು.

ಸೋಮವಾರ ಸಂಜೆ ಮನೆಗೆ ಹೋದಾಗ ಗಿರಿಜಾ ನೆಲದ ಮೇಲೆ ಪೇಪರ್ ಹಾಸಿ ಕರ್ಚಿಕಾಯಿ ಮಾಡುತ್ತ ಕೂತಿದ್ದಳು.

“ರಜಾ ಸಿಕ್ತೇನ್ರಿ?”

“ಸಿಕ್ಕಂಗ. ಒಂದು ಸಣ್ಣ ರಿಪೇರಿ ಐತಿ, ಅರ್ಧ ತಾಸಿಂದು.”

ಲಟ್ಟಣಿಗೆ ನಿಂತಿತು. “ಮಿಕ್ಸರೂ ಅರ್ಧ ತಾಸಿಂದ ಇತ್ತು.”

“ಅದು ಯಂತ್ರ. ಇದು ಬುದ್ಧಿ ಕೆಲಸ.”

“ಅದಕ್ಕ ನನಗ ಅಂಜಿಕಿ ಬರಾಕತ್ತೈತಿ,” ಎಂದಳು. ಲಟ್ಟಣಿಗೆ ಮತ್ತೆ ಹಿಡಿದು, “ಆ ಲೈಬ್ರರಿ ಬರದವರನ್ನ ಒಂದು ಮಾತು ಕೇಳಬಾರದೇನ್ರಿ? ಬ್ಯಾರೆ ಮಂದಿಗೂ ಹಿಂಗ ಆಗಿರಬೇಕಲ್ಲ,” ಎಂದಳು.

“ಅವರನ್ನ ಕೇಳಿ ಮಾಡಿದ್ರ ನಾ ಮಾಡಿದಂಗ ಹೆಂಗಾತು?”

ಅವಳು ಇನ್ನೊಂದು ಕರ್ಚಿಕಾಯಿ ಮಡಚಿ, ತಲೆ ಎತ್ತದೆಯೇ ಹೇಳಿದಳು: “ಏನರೆ ಮಾಡ್ರಿ, ಶುಕ್ರವಾರ ನನ್ನ ಬಾಜೂಕ ನಿಂದರ್ರಿ ಸಾಕು. ಅವ್ವನ ಜಾಗಾದಾಗ ನಿಂತು ಉಡಿ ತುಂಬೂದಂದ್ರ ಒಬ್ಬಾಕಿಗೆ ಧೈರ್ಯ ಸಾಲಂಗಿಲ್ಲ.”

“ನಿಂದರ್ತೀನಿ,” ಎಂದೆ.

ಮಂಗಳವಾರ ಬೆಳಿಗ್ಗೆ ಲೈಬ್ರರಿಯ ಒಡಲು ಬಗೆದೆ. ತಪ್ಪು ಹತ್ತು ನಿಮಿಷಕ್ಕೆ ಸಿಕ್ಕಿತು. ಸೈಟು ಸುರಕ್ಷಿತವಾದದ್ದು ಎಂದ ಕೂಡಲೇ ಲೈಬ್ರರಿ ಪ್ರಾಕ್ಸಿಯನ್ನು ಲೆಕ್ಕಿಸದೆ ನೇರ ಹೊರಗೆ ಓಡಿ ಗೋಡೆಗೆ ಹಾಯುತ್ತಿತ್ತು. ಅದರ ಕಿವಿ ಹಿಡಿದು ಪ್ರಾಕ್ಸಿಯ ಕಡೆಗೆ ತಿರುಗಿಸಿದೆ. ಮೀಸೆ ನೇವರಿಸಿಕೊಂಡು ಗುಂಡಿ ಒತ್ತಿದೆ. ಪ್ರಾಕ್ಸಿಯಿಂದ ಒಂದೇ ಸಾಲಿನ ಉತ್ತರ ಬಂತು. ಅದರ ಸಾರಾಂಶ: ನೀನು ಏನು ಬಡಬಡಿಸುತ್ತಿದ್ದೀಯೋ ನನಗೆ ತಿಳಿಯುತ್ತಿಲ್ಲ.

ನಾನೂ ಬಿಡಲಿಲ್ಲ. ಸಾಲು ಹಿಂದುಮುಂದು ಮಾಡಿದೆ. ಮತ್ತೆ ಅದೇ ಉತ್ತರ. ಊಟ ಬಿಟ್ಟು ಕೂತೆ, ಉತ್ತರ ಬದಲಾಗಲಿಲ್ಲ. ಕೊನೆಗೆ ಪ್ರಾಕ್ಸಿಯನ್ನು ಕಾಯುವ ಯಾದಗಿರಿ ಎಂಬಾತನ ಬಳಿ ಹೋದೆ. ಐವತ್ತು ದಾಟಿದ ಯಾದಗಿರಿ ಎಸಿ ಕೋಣೆಯಲ್ಲೇ ಇರುತ್ತಿದ್ದುದರಿಂದ ಹೈದರಾಬಾದಿನ ಬೇಸಿಗೆಯಲ್ಲೂ ಸ್ವೆಟರ್ ತೊಡುತ್ತಿದ್ದ.

“ನಿಮ್ಮ ಪ್ರಾಕ್ಸಿ ಕೆಟ್ಟಿದೆ,” ಎಂದೆ.

“ಅರೇ ಭಾಯ್, ಪ್ರಾಕ್ಸಿ ಬರಾಬರ್ ಇದೆ. ನೀನು ಅದರ ಜೊತೆ ಮಾತಾಡುವ ರೀತಿ ಬರಾಬರ್ ಇಲ್ಲ,” ಎಂದ. ಈ ಮಾತನ್ನು ಮನೆಯಲ್ಲೂ ಕೇಳಿದ್ದೆನಾದ್ದರಿಂದ ಸಿಟ್ಟು ಬಂತು.

ಸಂಜೆ ಮನೆಯ ಮೆಟ್ಟಿಲ ಮೇಲೆ ಬೂಟು ಬಿಚ್ಚುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಮೊಬೈಲು ಆಗ ಊರಿಗೆ ಬಂದಿತ್ತು, ನಮ್ಮ ಮನೆಗೆ ಬಂದಿರಲಿಲ್ಲ. ನಮ್ಮ ಫೋನ್ ನಂಬರ್ ಎಂದರೆ ಕೆಳಗಿನ ಮನೆಯ ಕುಲಕರ್ಣಿ ಕಾಕುವಿನ ನಂಬರ್, ಅದರ ಮುಂದೆ ‘ಪಿ.ಪಿ.’ ಎಂಬ ಎರಡಕ್ಷರ. ಅವರು ಎತ್ತುತ್ತಾರೆ, ನಮ್ಮನ್ನು ಕರೆಯುತ್ತಾರೆ ಎಂದು ಅದರ ಅರ್ಥ. ಕಾಕುವಿನ ಯಜಮಾನರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಅಲ್ಲಿನ ಒಂದು ಗುಟ್ಟನ್ನೂ ಅವರು ಮನೆಯಲ್ಲಿ ಬಿಡುತ್ತಿರಲಿಲ್ಲ. ಆ ಕೊರತೆಯನ್ನು ಕಾಕು ನಮ್ಮ ಫೋನುಗಳಿಂದ ತುಂಬಿಕೊಳ್ಳುತ್ತಿದ್ದರು.

ಆಗ ರಾಯಚೂರಿನಿಂದ ಶೈಲಾಳ ಫೋನು ಬಂದಿತ್ತು. ಕಾಕು ಹೇಳುತ್ತಿದ್ದರು: “ಏನದ ಹೇಳವಾ, ನಾ ಹೇಳ್ತೀನಿ. ಅಕ್ಕಗ ಹೇಳೂದು ನನಗ ಹೇಳಲಿಕ್ಕೆ ಬರೂದಿಲ್ಲೇನು? ಏನಂತಿ? ಕೇಳಸಲಿಕ್ಕತ್ತಿಲ್ಲ. ತಿಳೀಲಿಲ್ಲ ನನಗ.”

ಶೈಲಾ ಬಾಯಿ ಬಿಡುತ್ತಿರಲಿಲ್ಲ. ಗಿರಿಜಾ ಕೆಳಗೆ ಬಂದು ರಿಸೀವರ್ ಹಿಡಿದಳು. ಕಾಕು ಅಲ್ಲೇ ನಿಂತಿರುವ ತನಕ ಇವಳೂ “ಹೂಂ, ಹಾಂ” ಅಷ್ಟೇ. ಒಲೆಯ ಮೇಲೆ ಹಾಲು ಉಕ್ಕಿ ಕಾಕು ಒಳಗೆ ಹೋದ ಮೇಲೆ ಅಕ್ಕತಂಗಿಯರ ನಿಜವಾದ ಮಾತು ಶುರುವಾಯಿತು.

ನಾನು ಒಂದು ಬೂಟಿನಲ್ಲೇ ಎದ್ದು ನಿಂತೆ. ಇಷ್ಟೇ ತಾನೆ! ಮಧ್ಯದವರಿಗೆ ಗುಟ್ಟನ್ನೇ ಸುರಿಯಬಾರದು. ಮೊದಲು, “ಇಂಥವರ ಜೊತೆ ಜೋಡಿಸಿಕೊಡಿ” ಎಂದಷ್ಟೇ ಹೇಳಬೇಕು. ಅವರು “ಆಯಿತು, ಜೋಡಿಸಿದ್ದೇನೆ” ಎನ್ನಬೇಕು. ಆಮೇಲೆ ಅವರು ದೂರ ನಿಲ್ಲಬೇಕು, ಆಮೇಲೆ ಗುಟ್ಟು. ನಾನು ಇಡೀ ದಿನ ಕಾಕುವಿನ ಕಿವಿಗೇ ಗುಟ್ಟು ಹೇಳುತ್ತ ಕೂತಿದ್ದೆ.

ಮೆಟ್ಟಿಲು ಹತ್ತಿ ಬಂದ ಗಿರಿಜಾ ಕೇಳಿದಳು: “ಯಾಕ್ರಿ, ಒಂದು ಕಾಲಾಗ ಬೂಟು, ಮುಖದ ಮ್ಯಾಲೆ ನಗು?”

“ಸಿಕ್ತು. ಕಾಕುನಿಂದ ಸಿಕ್ತು.”

“ಏನು ಕೊಟ್ರು?”

ವಿವರಿಸಿದೆ. ಅವಳು ಪೂರ್ತಿ ಕೇಳಿ, “ಇಷ್ಟ ತಿಳಿಯಾಕ ಅಮೀರ್‌ಪೇಟಿಗೆ ಆರು ತಿಂಗಳು ಹೋಗಬೇಕಾಗಿತ್ತೇನ್ರಿ?” ಎಂದಳು. ಆಮೇಲೆ ಶೈಲಾ ಹೇಳಿದ್ದನ್ನು ಹೇಳಿದಳು. ಗಂಡನ ಮನೆಯ ಹಿರಿಯರು, ಅಕ್ಕ ಹೊತ್ತಿಗೆ ಬರದಿದ್ದರೆ ಉಡಿಯನ್ನು ತಾವೇ ಯಾರಾದರೂ ತುಂಬುತ್ತೇವೆ ಎನ್ನುತ್ತಿದ್ದರಂತೆ. ಅದಕ್ಕೆ ಶೈಲಾ ಅತ್ತಿದ್ದಳು. “ಗುರುವಾರ ಮಧ್ಯಾಹ್ನದ ಗಾಡಿ ತಪ್ಪಬಾರದ್ರಿ,” ಎಂದಳು ಗಿರಿಜಾ. ತಪ್ಪುವುದಿಲ್ಲ ಎಂದು ಭರವಸೆ ಕೊಟ್ಟೆ.

ಬುಧವಾರ ನಾನು ಯುದ್ಧಕ್ಕೆ ಹೊರಟವನ ಗತ್ತಿನಲ್ಲಿ ಆಫೀಸು ಹೊಕ್ಕೆ. ಕಾಕು ಪದ್ಧತಿಯನ್ನು ಲೈಬ್ರರಿಯಲ್ಲಿ ಅಳವಡಿಸಿದೆ. ಪ್ರಾಕ್ಸಿ “ಆಯಿತು, ಜೋಡಿಸಿದ್ದೇನೆ” ಎಂದಿತು. ಆದರೆ ಪುಟದ ಬದಲು ಪರದೆಯ ತುಂಬ ಕಸ ಬಂತು. ಎರಡು ತಾಸು ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಪ್ರಾಕ್ಸಿ “ಆಯಿತು” ಎಂದ ಮೇಲೂ ನಾಲ್ಕಾರು ಸಾಲು ಉಪಚಾರದ ಮಾತಾಡುತ್ತದೆ. ಅದು ಮುಗಿಯುವ ಮೊದಲೇ ನಾನು ಬಾಯಿ ಹಾಕುತ್ತಿದ್ದೆ. ಕಾಯುವಂತೆ ಮಾಡಿದೆ. ಕಾದು ಕೂತಾಗ ಪ್ರಾಕ್ಸಿ ಹೊಸ ಪ್ರಶ್ನೆ ಎತ್ತಿತು: ನೀನು ಯಾರು? ನಿನ್ನ ಹೆಸರೇನು, ಪಾಸ್‌ವರ್ಡ್ ಏನು?

ಹನ್ನೆರಡು ಗಂಟೆಯಾಗಿತ್ತು. ಪ್ರತಿಯೊಬ್ಬರ ಹೆಸರನ್ನೂ ಅವರವರಿಂದ ಕೇಳಿ ಪಡೆಯುವ ವ್ಯವಸ್ಥೆ ಮಾಡುವುದೇ ಸರಿಯಾದ ದಾರಿ. ಅದಕ್ಕೆ ಒಂದು ದಿನ ಬೇಕು. ಸದ್ಯಕ್ಕೆ, ತಾತ್ಕಾಲಿಕವಾಗಿ, ಪರೀಕ್ಷೆಗೆ ಮಾತ್ರ, ನನ್ನ ಹೆಸರು ಮತ್ತು ಪಾಸ್‌ವರ್ಡನ್ನೇ ಲೈಬ್ರರಿಯೊಳಗೆ ಬರೆದುಬಿಟ್ಟೆ. ಪಾಸ್‌ವರ್ಡ್ ಎಂದರೆ ಗಿರಿಜಾ, ಅದರ ಮುಂದೆ ಒಂದು ಎರಡು ಮೂರು.

ಗುಂಡಿ ಒತ್ತಿದೆ. ರೈಲು ಟಿಕೆಟ್ಟಿನ ಸೈಟು ಬೀಗದ ಗುರುತಿನ ಸಮೇತ ಪರದೆಯ ಮೇಲೆ ಪ್ರತ್ಯಕ್ಷವಾಯಿತು. ಯಾರೋ ಚಪ್ಪಾಳೆ ಹೊಡೆದರು. ರಾವ್ ಗಾರು ಬಂದು ಬೆನ್ನು ತಟ್ಟಿದರು. ಆ ಸಂಭ್ರಮದಲ್ಲಿ ‘ತಾತ್ಕಾಲಿಕ’ ಎಂಬ ಪದ ನನ್ನ ತಲೆಯಿಂದ ಜಾರಿ ಎಲ್ಲೋ ಬಿದ್ದುಹೋಯಿತು. ಒಂದು ಗಂಟೆಯೊಳಗೆ ರಿಪೇರಿಯಾದ ‘ಸರ್ವಂ’ ಐವತ್ತೂ ಕಂಪ್ಯೂಟರುಗಳಿಗೆ ಹೋಯಿತು.

ಅಷ್ಟಕ್ಕೇ ತೃಪ್ತನಾಗಿದ್ದರೆ ಬಚಾವಾಗುತ್ತಿದ್ದೆ. ಆದರೆ ಲೋಕಕಲ್ಯಾಣದ ಕಡೆಗೂ ಮನಸ್ಸು ಹರಿಯಿತು. ಆ ಲೈಬ್ರರಿಯನ್ನು ಬರೆದವರಿಗೂ ಬಳಸುವವರಿಗೂ ಒಂದು ಸಾರ್ವಜನಿಕ ಪತ್ರವ್ಯವಹಾರದ ಪಟ್ಟಿ ಇತ್ತು. ಅದಕ್ಕೆ ಬರೆದರೆ ಜಗತ್ತಿನ ಸಾವಿರಾರು ಎಂಜಿನಿಯರುಗಳಿಗೆ ಹೋಗುತ್ತದೆ. ನಾನು ಒಂದು ಗಂಭೀರ ಪತ್ರ ಬರೆದೆ: “ಮಾನ್ಯರೇ, ತಮ್ಮ ಲೈಬ್ರರಿಯಲ್ಲಿ ಬಹುಕಾಲದಿಂದ ಉಳಿದುಬಂದಿರುವ ಒಂದು ಗಂಭೀರ ಲೋಪವನ್ನು ಕೆಳಗೆ ಸಹಿ ಮಾಡಿದವನು ಸ್ವಪ್ರಯತ್ನದಿಂದ ನಿವಾರಿಸಿರುತ್ತಾನೆ. ದಯವಿಟ್ಟು ಸ್ವೀಕರಿಸಬೇಕು.” ರಿಪೇರಿ ಮಾಡಿದ ಕಡತವನ್ನು ಇದ್ದ ಹಾಗೆಯೇ ಪತ್ರಕ್ಕೆ ಲಗತ್ತಿಸಿ ಕಳಿಸಿದೆ. ಐದು ಗಂಟೆಗೆ ಸರಿಯಾಗಿ ಎದ್ದು, ಉಪ್ಪಲ್ ಸರ್ಕಲ್ಲಿನಲ್ಲಿ ಎರಡು ಮೊಳ ಮಲ್ಲಿಗೆ ಕಟ್ಟಿಸಿಕೊಂಡು ಮನೆಗೆ ಹೊರಟೆ.

ಗೇಟಿನಲ್ಲಿ ಕಾಕು ನಿಂತಿದ್ದರು. ಅವರ ಮುಖ ನೋಡಿ ಯಾರೋ ತೀರಿಕೊಂಡರೇನೋ ಎಂದುಕೊಂಡೆ.

“ಬಸವರಾಜ, ನಿನ್ನ ಆಫೀಸಿಂದ ಯಾದಗಿರಿ ಅಂಬಾಂವ ಫೋನ್ ಮಾಡಿದ್ದ,” ಎಂದರು. “ಏನದ ಹೇಳ್ರಿ, ನಾ ಹೇಳ್ತೀನಿ ಅಂದೆ. ಹೇಳಿದ.”

“ಏನಂದನ್ರಿ ಕಾಕು?”

“ಮಧ್ಯಾಹ್ನದಿಂದ ನೀ ಹನ್ನೊಂದು ಕಡೆ ನೌಕರಿ ಹುಡುಕೀಯಂತ. ಅದು ಹೋಗ್ಲಿ, ಹೊಟ್ಟಿಪಾಡು.” ಕಾಕು ನನ್ನ ಕೈಯಲ್ಲಿದ್ದ ಮಲ್ಲಿಗೆಯನ್ನು ಒಮ್ಮೆ ನೋಡಿದರು. “ನಾಲ್ಕು ಕಡೆ ಹೆಣ್ಣೂ ನೋಡೀಯಂತಲ್ಲೋ?”

ಆಗ ಹೊಳೆಯಿತು. ಐವತ್ತು ಜನರೂ ನನ್ನ ಹೆಸರಿನಲ್ಲೇ ಹೊರಗೆ ಹೋಗಿದ್ದರು! ಇಷ್ಟು ದಿನ ತೆರೆಯದಿದ್ದ ಸೈಟುಗಳು ತೆರೆದವೆಂದು ಮಧ್ಯಾಹ್ನವಿಡೀ ಎಲ್ಲರೂ ಅಲ್ಲೇ ಬಿದ್ದಿದ್ದರು. ಪ್ರಾಕ್ಸಿಯ ದಾಖಲೆಯಲ್ಲಿ ಸಾಲುಸಾಲಾಗಿ ಒಬ್ಬನೇ ಬಸವರಾಜ. ಮೂರು ಊರಿನ ಟಿಕೆಟ್ಟು, ಹನ್ನೊಂದು ನೌಕರಿ, ನಾಲ್ಕು ವಧು.

ಕಾಕುವಿಗೆ ಪ್ರಾಕ್ಸಿ, ಪಾಸ್‌ವರ್ಡ್ ಎಂದೆಲ್ಲ ವಿವರಿಸಿದೆ. ನನ್ನ ವಿವರಣೆ ಉದ್ದವಾದಷ್ಟೂ ಅವರ ಹುಬ್ಬು ಮೇಲೇರಿತು. “ನನಗ್ಯಾಕ ಹೇಳ್ತಿ? ಮ್ಯಾಲೆ ಹೋಗಿ ಹೇಳು. ನಾ ಆಗಲೇ ಗಿರಿಜಾಗ ಹೇಳೀನಿ,” ಎಂದರು.

ಗಿರಿಜಾ ಡಬ್ಬಿಗೆ ಶೇಂಗಾ ಹೋಳಿಗೆ ತುಂಬುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, “ಗಿರಿಜಾ, ದೇವರಾಣೆ, ನಾ ಹೆಣ್ಣು ನೋಡಿಲ್ಲ,” ಎಂದೆ.

“ಗೊತ್ತೈತಿ ಬರ್ರಿ. ನಿಮಗ್ಯಾರು ಹೆಣ್ಣು ಕೊಡ್ತಾರ?”

ಒಂದು ಗಳಿಗೆಯಾದರೂ ಅವಳು ನನ್ನನ್ನು ಅನುಮಾನಿಸಲಿಲ್ಲ. ನಿಜ ಹೇಳಬೇಕೆಂದರೆ ಇದು ನನಗೆ ಕಾಕುವಿನ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು. ಅವಳ ಚಿಂತೆ ಬೇರೆಯೇ ಇತ್ತು. “ನಿಮ್ಮ ರಾವ್ ಸಾಹೇಬ್ರು ನಾಳೆ ರಜಾ ಕೊಡ್ತಾರಿಲ್ರಿ?”

ಗುರುವಾರ ಬೆಳಿಗ್ಗೆ ಹತ್ತಕ್ಕೆ ರಾವ್ ಗಾರು ನನ್ನನ್ನು ತಮ್ಮ ಕ್ಯಾಬಿನ್ನಿಗೆ ಕರೆಸಿದರು. ಮೇಜಿನ ಮೇಲೆ ಪ್ರಾಕ್ಸಿ ದಾಖಲೆಯ ಉದ್ದನೆಯ ಕಾಗದ. ಪಕ್ಕದಲ್ಲಿ ಸ್ವೆಟರ್ ತೊಟ್ಟ ಯಾದಗಿರಿ.

“ಏಮಂಡಿ ಬಸವರಾಜ್, ನಮ್ಮ ಕಂಪನಿ ನಿಮಗೆ ಅಷ್ಟೊಂದು ಬೇಸರವಾಗಿದೆಯೇ? ಒಂದೇ ಮಧ್ಯಾಹ್ನ ಹನ್ನೊಂದು ಅರ್ಜಿ?”

ನಾನು ನಡೆದದ್ದನ್ನು ನಡೆದ ಹಾಗೆ ಒಪ್ಪಿಕೊಂಡೆ. ಅವರು ನಂಬಲಿಲ್ಲ. ಆಗ ಯಾದಗಿರಿ ನನ್ನ ಮೇಲಿನ ಕನಿಕರದಿಂದ ಬಾಯಿ ತೆರೆದ. “ಸಾರ್, ಹೆಸರು ಇವನದೇ ಆದರೂ ಯಾವ ಕಂಪ್ಯೂಟರಿನಿಂದ ಹೋಗಿದೆ ಎಂಬುದು ಪಕ್ಕದ ಸಾಲಿನಲ್ಲಿ ಇರುತ್ತದೆ. ನೋಡಿದರೆ ತಿಳಿಯುತ್ತದೆ.” ಎಂದವನೇ ಕಾಗದದ ಮೇಲೆ ಬೆರಳಿಟ್ಟು ಕೆಳಗೆ ಕೆಳಗೆ ಎಳೆದ. “ಈ ನೌಕರಿ ಸೈಟುಗಳಲ್ಲಿ ಏಳು ಒಂದೇ ಕಂಪ್ಯೂಟರಿನಿಂದ ಹೋಗಿವೆ. ಅದರ ನಂಬರು...”

ಬೆರಳು ನಿಂತಿತು. ಯಾದಗಿರಿ ತಲೆ ಎತ್ತಿ ರಾವ್ ಗಾರು ಅವರ ಮೇಜಿನ ಮೇಲಿದ್ದ ಕಂಪ್ಯೂಟರನ್ನು ನೋಡಿದ. ನಾನೂ ನೋಡಿದೆ. ರಾವ್ ಗಾರು ಕೆಮ್ಮಿದರು.

“ಈ ಕಾಗದದಿಂದ ಏನೂ ಪ್ರಯೋಜನವಿಲ್ಲ,” ಎಂದು ಅದನ್ನು ನಾಲ್ಕು ಮಡಿಕೆ ಮಾಡಿ ಡ್ರಾಯರಿಗೆ ಹಾಕಿದರು. “ಬಸವರಾಜ್ ಗಾರು, ನಿಮಗೆ ಊರಿಗೆ ಹೋಗುವುದಿತ್ತಲ್ಲ? ಹೊರಡಿ, ಹೊರಡಿ. ಸೋಮವಾರ ಬಂದರೂ ಆಯಿತು.”

ಹತ್ತೂವರೆ. ಗಾಡಿ ಒಂದೂವರೆಗೆ. ರಜೆ ಕೈಯಲ್ಲಿತ್ತು. ಯಾವ ಬುದ್ಧಿವಂತನಾದರೂ ಆ ಕ್ಷಣ ಚೀಲ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದ. ನಾನು ಹೇಳಿದೆ: “ಇಲ್ಲ ಸಾರ್. ತಪ್ಪು ನನ್ನದು. ಪ್ರತಿಯೊಬ್ಬರೂ ಅವರವರ ಹೆಸರಿನಲ್ಲೇ ಹೋಗುವ ಹಾಗೆ ಸರಿಪಡಿಸಿಯೇ ಹೋಗುತ್ತೇನೆ.”

“ಅಷ್ಟು ಅವಸರ ಏನಿದೆ?” ಎಂದರು ರಾವ್ ಗಾರು. ಹೊರಗೆ ಬಂದರೆ ಸುದ್ದಿ ಹರಡಿತ್ತು. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ನನ್ನ ಮೇಜಿಗೆ ಬಂದು, ಇದು ಹೀಗೇ ಚೆನ್ನಾಗಿದೆ, ಮುಟ್ಟಬೇಡ, ಮನೆಗೆ ಹೋಗು ಎಂದು ಕಳಕಳಿಯಿಂದ ಬೇಡಿಕೊಂಡರು. ಒಬ್ಬ ಮನೆಯವರೆಗೆ ಬೈಕಿನಲ್ಲಿ ಬಿಡುತ್ತೇನೆಂದ. ಇಡೀ ಆಫೀಸು ನನ್ನನ್ನು ಹೊರಗೆ ದಬ್ಬುತ್ತಿತ್ತು, ನಾನು ಮಾತ್ರ ಕುರ್ಚಿಗೆ ಅಂಟಿಕೊಂಡೆ. ಹಠ ಎಂದರೆ ಹಠ.

ಹನ್ನೊಂದಕ್ಕೆ ಕಾಕುವಿಗೆ ಫೋನ್ ಮಾಡಿದೆ. “ಏನದ ಹೇಳು, ನಾ ಹೇಳ್ತೀನಿ,” ಎಂದರು. ಗಿರಿಜಾಳನ್ನೇ ಕರೆಯಿರಿ ಎಂದೆ.

“ರಜಾ ಕೊಟ್ರೇನ್ರಿ?” ಓಡಿ ಬಂದಿದ್ದಳು, ಉಸಿರು ಕೇಳುತ್ತಿತ್ತು.

“ಕೊಟ್ಟಾರ. ಆದ್ರ ಒಂದು ಅರ್ಧ ತಾಸಿನ ಕೆಲಸ ಉಳದೈತಿ. ನೀ ಇವತ್ತ ಹೋಗು, ಕಾಕು ಸ್ಟೇಷನ್ನಿಗೆ ಬಿಡ್ತಾರ. ನಾ ನಾಳೆ ಮುಂಜಾನೆ ಮೊದಲನೇ ಗಾಡಿಗೆ ಬರ್ತೀನಿ. ಹತ್ತೂವರಿಗೆ ಅಲ್ಲಿರ್ತೀನಿ.”

“ರಜಾ ಕೊಟ್ಟ ಮ್ಯಾಲೂ?” ಎಂದಳು.

“ನಾ ಮಾಡಿದ ತಪ್ಪು, ನಾನ ತಿದ್ದಬೇಕಲ್ಲ.”

“ಆತು ಬಿಡ್ರಿ,” ಎಂದು ಫೋನಿಟ್ಟಳು. ಜಗಳವಾಡಿದ್ದರೆ ಹೊರಟುಬಿಡುತ್ತಿದ್ದೆನೇನೋ. ಅವಳು ಜಗಳವಾಡಲಿಲ್ಲ. ನನ್ನ ಎದೆಯೊಳಗೆ ಏನೋ ಚುಚ್ಚಿತು, ನಾನು ಅದನ್ನು ಕೆಲಸದ ಗಾಂಭೀರ್ಯವೆಂದು ತಿಳಿದುಕೊಂಡೆ.

ಗುರುವಾರ ಸಂಜೆಯಾದರೂ ಕೆಲಸ ಮುಗಿಯಲಿಲ್ಲ. ಒಬ್ಬರ ಹೆಸರು ಕೇಳಿದ ಲೈಬ್ರರಿ ಅದನ್ನೇ ಎಲ್ಲರಿಗೂ ಹಚ್ಚುತ್ತಿತ್ತು. ಈಗ ಐವತ್ತು ಜನರೂ ರಿಸೆಪ್ಷನ್ನಿನ ಹುಡುಗಿಯ ಹೆಸರಿನಲ್ಲಿ ಹೊರಗೆ ಹೋಗುತ್ತಿದ್ದರು. ಮನೆಗೆ ಹೋಗಿ, ಡಬ್ಬಿಗಳೆಲ್ಲ ಖಾಲಿಯಾದ ಅಡುಗೆಮನೆಯಲ್ಲಿ ಮೊಸರನ್ನ ಉಂಡು ಮಲಗಿದೆ. ಬೆಳಿಗ್ಗೆ ಮೊದಲ ಗಾಡಿಗೆ ಹೋಗಬೇಕಾದವನು ಚೀಲ ಹೆಗಲಿಗೇರಿಸಿ ಆಫೀಸಿನ ಕಡೆಗೇ ನಡೆದೆ. ಉತ್ತರ ಸ್ನಾನದ ಮನೆಯಲ್ಲಿ ಹೊಳೆದಿತ್ತು, ಹತ್ತು ನಿಮಿಷದ ಕೆಲಸ ಎಂದುಕೊಂಡೆ. ಅದು ಒಂಬತ್ತೂವರೆಗೆ ಮುಗಿಯಿತು.

ಮುಗಿಯಿತು, ಮತ್ತು ಕೆಲಸ ಮಾಡಿತು. ಪ್ರತಿಯೊಬ್ಬರೂ ಅವರವರ ಹೆಸರಿನಲ್ಲಿ, ಸುರಕ್ಷಿತವಾಗಿ, ಪ್ರಾಕ್ಸಿಯ ಮೂಲಕ. ನನ್ನ ಕಣ್ಣು ಒದ್ದೆಯಾಯಿತು. ಈ ಸುಧಾರಿತ ರಿಪೇರಿಯನ್ನೂ ಜಗತ್ತಿಗೆ ಅರ್ಪಿಸೋಣವೆಂದು ಮೇಲ್ ತೆರೆದೆ. ನನ್ನ ಬುಧವಾರದ ಪತ್ರಕ್ಕೆ ಎರಡು ಉತ್ತರಗಳು ಬಂದು ಕೂತಿದ್ದವು.

ಮೊದಲನೆಯದು ಲೈಬ್ರರಿಯನ್ನು ಬರೆದವರದು, ಬಹಳ ಸಭ್ಯವಾದ ಪತ್ರ: “ತಮ್ಮ ಶ್ರಮಕ್ಕೆ ಧನ್ಯವಾದ. ತಾವು ಬಳಸುತ್ತಿರುವುದು ಹಳೆಯ ಆವೃತ್ತಿ. ಈ ಲೋಪವನ್ನು ನಾಲ್ಕು ತಿಂಗಳ ಹಿಂದೆಯೇ ಹೊಸ ಆವೃತ್ತಿಯಲ್ಲಿ ಸರಿಪಡಿಸಲಾಗಿದೆ. ಹಳೆಯ ಕಡತ ತೆಗೆದು ಹೊಸದನ್ನು ಹಾಕಿದರೆ ಸಾಕು, ಐದು ನಿಮಿಷದ ಕೆಲಸ. ತಮ್ಮ ಹೆಸರು ಮತ್ತು ಪಾಸ್‌ವರ್ಡ್ ಕಡತದೊಳಗೆ ಉಳಿದಿವೆ, ದಯವಿಟ್ಟು ಬದಲಿಸಿಕೊಳ್ಳಿ.” ಎರಡನೆಯದು ಯಾವುದೋ ದೂರದೇಶದ ಎಂಜಿನಿಯರನದು. ಅವನು ನಿಜವಾದ ಜಿಜ್ಞಾಸೆಯಿಂದ ಕೇಳಿದ್ದ: “ಈ ಗಿರಿಜಾ ಎಂಬುದು ಏನು? ಹೊಸ ತಂತ್ರಜ್ಞಾನವೇ?”

ಹೊಸ ಆವೃತ್ತಿಯನ್ನು ಇಳಿಸಿ ಹಾಕಿ ನೋಡಿದೆ. ಎಲ್ಲವೂ ಸರಿಯಾಗಿ ನಡೆಯಿತು. ಗಡಿಯಾರ ನೋಡಿಕೊಂಡೆ. ಐದು ನಿಮಿಷವೂ ಆಗಿರಲಿಲ್ಲ. ಚೀಲ ಎತ್ತಿಕೊಂಡು ಸಿಕಂದರಾಬಾದಿಗೆ ಓಡಿದೆ. ಹತ್ತೂಮುಕ್ಕಾಲಿನ ಗಾಡಿಯಲ್ಲಿ ಲಿಂಗಂಪಲ್ಲಿ ದಾಟುವಾಗ ಹನ್ನೊಂದೂವರೆ. ಅಷ್ಟು ಹೊತ್ತಿಗೆ ಅಲ್ಲಿ ಉಡಿ ತುಂಬುತ್ತಿದ್ದರು. ಬಾಗಿಲ ಬಳಿ ನಿಂತಿದ್ದ ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ರಾಯಚೂರಿನ ಶೈಲಾಳ ಮನೆ ತಲುಪಿದಾಗ ನಾಲ್ಕೂವರೆ. ಮನೆಯ ಮುಂದಿನ ಪೆಂಡಾಲು ಬಿಚ್ಚುತ್ತಿದ್ದರು. ಮೊಣಕೈವರೆಗೆ ಹಸಿರು ಬಳೆ ತೊಟ್ಟ ಶೈಲಾ ಕಟ್ಟೆಯ ಮೇಲೆ ಕೂತಿದ್ದಳು. “ಮಾಮಾ, ಈಗ ಬಂದ್ರಿ?” ಎಂದು ನಕ್ಕಳು. ಮಾವನವರು ಬೀಗರಿಗೆ ನನ್ನನ್ನು ತೋರಿಸಿ, “ನಮ್ಮ ಅಳಿಯಂದಿರು. ಹೈದರಾಬಾದಿನಾಗ ಕಂಪ್ಯೂಟರದಾಗ ದೊಡ್ಡ ಕೆಲಸದಾಗ ಅದಾರ್ರಿ, ಪುರಸೊತ್ತ ಇರಂಗಿಲ್ಲ,” ಎಂದು ಹೆಮ್ಮೆಯಿಂದ ಹೇಳಿದರು. ನಾನು ಕೈಮುಗಿದು ತಲೆ ತಗ್ಗಿಸಿದೆ. ಅದನ್ನು ಅವರು ವಿನಯವೆಂದು ತಿಳಿದರು.

ಗಿರಿಜಾ ಒಳಗಿನಿಂದ ನೀರಿನ ತಂಬಿಗೆ ತಂದು ಕೊಟ್ಟಳು. “ಹೆಂಗಾತು?” ಎಂದು ಕೇಳಿದೆ.

“ಚಲೋ ಆತು. ಉಡಿ ತುಂಬುವಾಗ ಅವ್ವನ ನೆನಪು ಬಂತು. ಅಕ್ಕಿ ಚೆಲ್ಲಿದೆ. ಬಾಗಲಾ ಕಡೆ ನೋಡಿದೆ. ಆಮ್ಯಾಲೆ ನಾನ ತುಂಬಿದೆ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಿಮ್ಮ ಕೆಲಸ ಆತೇನ್ರಿ?”

“ಆಗಲೇ ಆಗಿತ್ತು.”

“ಯಾವಾಗ?”

“ನಾಲ್ಕು ತಿಂಗಳ ಹಿಂದ. ಬ್ಯಾರೆ ಯಾರೋ ಮಾಡಿದ್ರು.”

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಬೈಯುತ್ತಾಳೆಂದು ಕಾದೆ. ತಂಬಿಗೆ ಇಸಿದುಕೊಂಡು, “ಊಟಾ ತೆಗೆದಿಟ್ಟೀನಿ, ಕೈಕಾಲು ತೊಳ್ಕೊಂಡು ಬರ್ರಿ,” ಎಂದು ಒಳಗೆ ಹೋದಳು.

ಊಟಕ್ಕೆ ಹೋಗುವ ಮುಖವಿರಲಿಲ್ಲ. ಏನಾದರೂ ಒಂದು ಕೆಲಸಕ್ಕೆ ಬರೋಣವೆಂದು ಬಾಡಿಗೆ ಕುರ್ಚಿಗಳನ್ನು ಮಡಚಿ ಗಾಡಿಗೆ ಹೇರುವವನ ಜೊತೆ ಕೈಜೋಡಿಸಿದೆ. ಎಲ್ಲ ಮಡಚಿದ ಮೇಲೆ ಮುಂದಿನ ಸಾಲಿನಲ್ಲಿ, ಶೈಲಾಳನ್ನು ಕೂರಿಸಿದ್ದ ಮಣೆಯ ಪಕ್ಕದಲ್ಲಿ, ಒಂದು ಕುರ್ಚಿ ಉಳಿದಿತ್ತು. ಅದರ ಮೇಲೆ ಗಿರಿಜಾಳ ಕರವಸ್ತ್ರ ಹಾಸಿತ್ತು. ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ ಬೆಳಿಗ್ಗೆಯೇ ಹಿಡಿದಿಟ್ಟಿದ್ದಳು. ಯಾರೂ ಅದರಲ್ಲಿ ಕೂತಿರಲಿಲ್ಲ.

ಕರವಸ್ತ್ರ ಎತ್ತಿಕೊಂಡು ಆ ಕುರ್ಚಿಯಲ್ಲಿ ಕೂತೆ.

“ಸಾಹೇಬ್ರ, ಅದನ್ನೊಂದು ಕೊಟ್ಟುಬಿಡ್ರಿ,” ಎಂದ ಕುರ್ಚಿಯವನು. “ಗಾಡಿ ಹೊಂಟೈತಿ.”

ಎದ್ದು ಕೊಟ್ಟೆ.